ಭೇದಿ ಹೊಟ್ಟೆಯದು, ಪೆಟ್ಟು ಕಿಡ್ನಿಗೆ!

2011ರ ಮೇ ತಿಂಗಳು. ಜರ್ಮನಿಯ ಹ್ಯಾಂಬರ್ಗ್ ಸುತ್ತಮುತ್ತ ರಕ್ತಭೇದಿಯೆಂದು ಆಸ್ಪತ್ರೆಗೆ ಬಂದವರಲ್ಲಿ ಹಲವರಿಗೆ ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಟ್ಟಿತು. ಮೊದಲು ಅನುಮಾನ ಬಂದದ್ದು ಸ್ಪೇನ್‌ನ ಸೌತೆಕಾಯಿ ಮೇಲೆ. ಪಾಪ, ಅಲ್ಲಿನ ರೈತರು ತಪ್ಪಿಲ್ಲದೆ ನಷ್ಟ ಅನುಭವಿಸಿದರು. ಕೊನೆಗೆ ತನಿಖೆ ಬಂದು ನಿಂತದ್ದು ಮೊಳಕೆ ಬರಿಸಿದ ಮೆಂತ್ಯದ ಮುಂದೆ! ಅಷ್ಟರಲ್ಲಿ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. 800ಕ್ಕೂ ಹೆಚ್ಚು ಜನರ ಕಿಡ್ನಿಗೆ ಪೆಟ್ಟಾಯಿತು, 50ಕ್ಕೂ ಹೆಚ್ಚು ಜನ ತೀರಿಕೊಂಡರು.

ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಆದರೆ ದೋಷ ಒಂದು ಕಡೆ, ಕ್ರ್ಯಾಶ್ ಇನ್ನೊಂದು ಕಡೆ ಅಂದ್ರೆ ನಮ್ಮಂಥವರಿಗೆ ಕುತೂಹಲ ತಡೆಯೋಕಾಗಲ್ಲ. ಬ್ಯಾಕ್ಟೀರಿಯಾ ಇದ್ದದ್ದು ಕರುಳಲ್ಲಿ. ಕಿಡ್ನಿ ಯಾಕೆ ಹೋಯ್ತು?

ಇ. ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಿರುಪದ್ರವಿ. ಆದರೆ ಈ ತಳಿ ಶಿಗಾ ಟಾಕ್ಸಿನ್ ಎಂಬ ವಿಷ ತಯಾರಿಸುತ್ತಿತ್ತು. ಬ್ಯಾಕ್ಟೀರಿಯಾ ಕರುಳಲ್ಲೇ ಉಳಿದರೂ ವಿಷ ರಕ್ತಕ್ಕೆ ಸೇರುತ್ತೆ.

ನಮ್ಮ ರಕ್ತನಾಳದ ಒಳಗೋಡೆಗೆ ಒಂದೇ ಪದರದ ಜೀವಕೋಶಗಳ ಹಾಸು ಇದೆ. ಅದು ನುಣುಪಾಗಿರೋದರಿಂದಲೇ ರಕ್ತ ಹೆಪ್ಪುಗಟ್ಟದೆ ಹರಿಯುತ್ತೆ. ಕಿಡ್ನಿಯ ಅತಿ ಸಣ್ಣ ನಾಳಗಳಲ್ಲಿ ಈ ಕೋಶಗಳ ಮೇಲೆ ಜಿಬಿ3 ಎಂಬ ಅಣು ಹೆಚ್ಚು. ವಿಷ ಬಂದು ಹಿಡಿದುಕೊಳ್ಳೋದು ಅದನ್ನೇ. ಅದರ ಐದು ಭಾಗಗಳು ಹಿಡಿದುಕೊಂಡರೆ, ಆರನೆಯದು ಒಳಗೆ ನುಗ್ಗಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನಿಂದ ಒಂದೇ ಒಂದು ಅಡೆನಿನ್ ಕಿತ್ತುಹಾಕುತ್ತೆ. ಅಷ್ಟೇ! ಪ್ರೋಟೀನ್ ತಯಾರಿ ನಿಂತು ಕೋಶ ಸಾಯುತ್ತೆ.

ಹಾಸು ಕಿತ್ತುಹೋದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಪ್ಲೇಟ್‌ಲೆಟ್‌ಗಳು ಅಲ್ಲೇ ಖರ್ಚಾಗುತ್ತವೆ. ಇಕ್ಕಟ್ಟಿನಲ್ಲಿ ನುಸುಳುವ ಕೆಂಪು ರಕ್ತಕಣಗಳು ಹರಿದು ಚೂರಾಗುತ್ತವೆ. ರಕ್ತ ಸಿಗದೆ ಕಿಡ್ನಿ ಸೋಲುತ್ತೆ. ಇದಕ್ಕೆ ಹೀಮೋಲಿಟಿಕ್ ಯುರೇಮಿಕ್ ಸಿಂಡ್ರೋಮ್ ಅಂತಾರೆ. ಸಾಮಾನ್ಯವಾಗಿ ಭೇದಿ ಶುರುವಾಗಿ ಒಂದು ವಾರದ ಹೊತ್ತಿಗೆ, ಅಂದ್ರೆ 'ಇನ್ನೇನು ವಾಸಿಯಾಯ್ತು' ಅಂದುಕೊಳ್ಳುವಾಗಲೇ ಇದು ಕಾಣಿಸಿಕೊಳ್ಳುತ್ತೆ.

ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಇನ್ನೊಂದಿದೆ. ಈ ವಿಷದ ಜೀನ್ ಇರೋದು ಬ್ಯಾಕ್ಟೀರಿಯಾದೊಳಗೆ ಅಡಗಿ ಕೂತ ಒಂದು ವೈರಸ್‌ನಲ್ಲಿ. ಕೆಲವು ಆಂಟಿಬಯೋಟಿಕ್‌ಗಳು ಆ ವೈರಸ್ಸನ್ನು ಎಬ್ಬಿಸಿ ವಿಷದ ಪ್ರಮಾಣ ಹೆಚ್ಚಿಸಬಲ್ಲವು! ಹಾಗಂತ ರಕ್ತಭೇದಿಗೆ ಆಂಟಿಬಯೋಟಿಕ್ ಬೇಡವೇ ಬೇಡ ಅಂತಲ್ಲ, ಬೇರೆ ಕೆಲವು ಸೋಂಕುಗಳಿಗೆ ಅದೇ ಬೇಕು. ಯಾವುದು ಅಂತ ಪರೀಕ್ಷೆ ಮಾಡಿಸಿ ಹೇಳಬೇಕಾದವರು ಡಾಕ್ಟರ್. ಮೀಟಿಂಗ್ ಇದೆ ಅಂತ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗೋದು, ಭೇದಿ ನಿಲ್ಲಿಸುವ ಗುಳಿಗೆ ಹಾಕೋದು ಎರಡೂ ಅಪಾಯ.

ಹಾಗಾದರೆ ಮೊಳಕೆ ಕಾಳು ಬಿಡಬೇಕಾ? ಬೇಡ. ಮೊಳಕೆಗೆ ಬೇಕಾದ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಕ್ಕೂ ಇಷ್ಟ, ಆದ್ದರಿಂದ ಹಸಿಯಾಗಿ ತಿನ್ನುವ ಬದಲು ಚೆನ್ನಾಗಿ ಬೇಯಿಸಿ. ಪಲ್ಯ, ಸಾರು ಹೇಗೂ ನಮಗೆ ಗೊತ್ತಿರೋದೇ. ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮುಖ ಬಿಳಿಚಿಕೊಂಡು ಸುಸ್ತಾದರೆ, ಅದರಲ್ಲೂ ಮನೆಯ ಪುಟ್ಟ ಮಕ್ಕಳಿಗೆ ಹಾಗಾದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.