ಒಂದು ಎಕರೆಯ ಮೇಲೆ ಎಷ್ಟು ಮಳೆ?

ಶ್ರಾವಣ ಬಂತೆಂದರೆ ನಮ್ಮ ಕಡೆ ರಸ್ತೆ ತುಂಬ ಅಣ್ಣತಮ್ಮಂದಿರು. ನಾಗರ ಪಂಚಮಿಗೆ ಅಕ್ಕತಂಗಿಯರನ್ನು ಕೊಟ್ಟ ಮನೆಯಿಂದ ತವರಿಗೆ ಕರೆತರುವ ದಿನಗಳವು. ನವಲಗುಂದ ಬಿಟ್ಟು, ಹುಬ್ಬಳ್ಳಿ ಹಾದು, ಕಲಘಟಗಿ ದಾಟಿ ಯಲ್ಲಾಪುರ ಮುಟ್ಟಲು ಸುಮಾರು 110 ಕಿಲೋಮೀಟರ್. ಬೆಳಿಗ್ಗೆ ನಾಷ್ಟಾ ಮಾಡಿ ಹೊರಟರೆ ಊಟದ ಹೊತ್ತಿಗೆ ಬೀಗರ ಮನೆ. ಅಷ್ಟು ಸಣ್ಣ ದಾರಿಯಲ್ಲಿ ಎರಡು ಲೋಕಗಳಿವೆ.

ನವಲಗುಂದದ ಸುತ್ತ ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಮರವೇ ಅಪರೂಪ. ಹೆಸರು, ಹತ್ತಿ, ಉಳ್ಳಾಗಡ್ಡಿ ಬಿಟ್ಟರೆ ಬರೀ ಆಕಾಶ. ಹುಬ್ಬಳ್ಳಿ ಹಿಂದಾದ ಮೇಲೆ ಮಣ್ಣು ಕೆಂಪಾಗುತ್ತ ಹೋಗುತ್ತದೆ. ಗೋವಿನಜೋಳ, ಭತ್ತದ ಗದ್ದೆ, ಹೆಂಚಿನ ಮನೆಗಳು ಬರುತ್ತವೆ. ಕಿರವತ್ತಿಯ ಹೊತ್ತಿಗೆ ಕಾಡು ರಸ್ತೆಯಂಚಿಗೇ ಬಂದು ನಿಂತಿರುತ್ತದೆ. ಇಷ್ಟಾದರೂ ನಾವು ಬೆಟ್ಟ ಹತ್ತಿರುವುದಿಲ್ಲ. ನವಲಗುಂದವೂ ಯಲ್ಲಾಪುರವೂ ಸಮುದ್ರಮಟ್ಟದಿಂದ 500–600 ಮೀಟರ್ ಎತ್ತರದಲ್ಲೇ ಇವೆ. ಬದಲಾದದ್ದು ಮಳೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಏರುವಾಗಲೇ ತನ್ನ ಭಾರವನ್ನೆಲ್ಲ ಇಳಿಸಿಬಿಡುತ್ತದೆ. ನವಲಗುಂದಕ್ಕೆ ಬರುವಷ್ಟರಲ್ಲಿ ಗಾಳಿಯಷ್ಟೇ ಉಳಿದಿರುತ್ತದೆ.

ನವಲಗುಂದದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಯಲ್ಲಾಪುರದಲ್ಲಿ ಅದು 2,000 ದಾಟುತ್ತದೆ. ಮಿಲಿಮೀಟರ್ ಎಂದರೆ ಕಣ್ಣಿಗೆ ಕಟ್ಟುವುದಿಲ್ಲ, ಆದ್ದರಿಂದ ಎಕರೆ ಲೆಕ್ಕಕ್ಕೆ ಬರೋಣ. ಒಂದು ಎಕರೆಯ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 4,047 ಲೀಟರ್ ನೀರು. ನವಲಗುಂದದ ಎಕರೆಗೆ ವರ್ಷಕ್ಕೆ 24 ಲಕ್ಷ ಲೀಟರ್, ಯಲ್ಲಾಪುರದ ಎಕರೆಗೆ 80 ಲಕ್ಷಕ್ಕೂ ಹೆಚ್ಚು. ಅಂದರೆ ಈ ದಾರಿಯಲ್ಲಿ ಪಡುವಣಕ್ಕೆ ಸರಿದ ಒಂದೊಂದು ಕಿಲೋಮೀಟರಿಗೂ, ಸರಾಸರಿ ಹಿಡಿದರೆ, ಎಕರೆಗೆ 50 ಸಾವಿರ ಲೀಟರ್ ಏರುತ್ತ ಹೋಗುತ್ತದೆ! ಬೀಗರು ಎದುರಾದಾಗ ಮೊದಲ ಮಾತು ಅದಕ್ಕೇ ಇದು:

‘ಮಳಿ-ಬೆಳಿ ಹೆಂಗ್ರಿ ನಿಮ್ಮ ಕಡೆ?’

‘ಇನ್ನೂ ಹದಾ ಆಗಿಲ್ರಿ. ನಿಮ್ಮಲ್ಲಿ?’

‘ಸಾಕಾಗೇತ್ರಿ ಮಳಿ. ಎರಡು ದಿನಾ ಬಿಸಲು ಬಿದ್ರ ಸಾಕಂತೀವಿ.’

ದಾರಿಯ ನಡುವೆ, ಹುಬ್ಬಳ್ಳಿ–ಧಾರವಾಡದ ದಿನ್ನೆಯಲ್ಲಿ, ಮತ್ತೊಂದು ಅಚ್ಚರಿ ಇದೆ. ದಿನ್ನೆಯ ಪಡುವಣಕ್ಕೆ ಬಿದ್ದ ಹನಿ ಬೇಡ್ತಿ ಸೇರುತ್ತದೆ. ಕಲಘಟಗಿ ಸೀಮೆ ಹಾದು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎನಿಸಿಕೊಂಡು ಅಂಕೋಲೆಯ ಬಳಿ ಕಡಲು ಕಾಣುತ್ತದೆ. ನೂರೈವತ್ತು ಕಿಲೋಮೀಟರಿಗೆ ಅದರ ದಾರಿ ಮುಗಿಯಿತು. ಮೂಡಣಕ್ಕೆ ಬಿದ್ದ ಹನಿ ಬೆಣ್ಣಿಹಳ್ಳಕ್ಕೆ ಇಳಿಯುತ್ತದೆ, ನವಲಗುಂದದ ಬಯಲು ದಾಟಿ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ. ಮುಂದೆ ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು ದಾಟಿ ಬಂಗಾಳ ಕೊಲ್ಲಿ. ಒಂದೇ ಮೋಡದ ಎರಡು ಹನಿ, ತವರು ಒಂದೇ ಆಗಿ ಬೇರೆ ಬೇರೆ ದಿಕ್ಕಿಗೆ ಕೊಟ್ಟ ಅಕ್ಕತಂಗಿಯರಂತೆ!

ಹಾಗಾದರೆ ಕಡಿಮೆ ಮಳೆಯ ನವಲಗುಂದ, ಅಣ್ಣಿಗೇರಿ ಬಡ ನೆಲವೇ? ಅಲ್ಲ. ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿಗೆ ಕೈ ಇಳಿಬಿಟ್ಟು ನೋಡಿ, ಮೊಣಕೈತನಕ ಹೋಗುತ್ತದೆ. ಮೊದಲ ದೊಡ್ಡ ಮಳೆ ಆ ಬಿರುಕಿನಲ್ಲೇ ಆಳಕ್ಕಿಳಿಯುತ್ತದೆ. ಒಂದು ಮೀಟರ್ ಆಳದ ಎರಿ ಮಣ್ಣು, ಬೇರಿಗೆ ದಕ್ಕುವಂಥ ನೀರನ್ನೇ ಸುಮಾರು 200 ಮಿಲಿಮೀಟರಿನಷ್ಟು ಹಿಡಿದಿಟ್ಟುಕೊಳ್ಳಬಲ್ಲದು. ಎಕರೆಗೆ 8 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ 80 ಟ್ಯಾಂಕರ್! ಹಿಂಗಾರಿನ ಬಿಳಿಜೋಳ, ಕಡಲೆ, ಗೋಧಿ ಹನಿ ಮಳೆ ಕಾಣದೆಯೂ ತೆನೆ ಕಟ್ಟುವುದು ಈ ಬಲದಿಂದಲೇ. ನೂರು ಎಕರೆಯ ಬಯಲು ನೋಡುವಾಗ ನಾವು ನೋಡುತ್ತಿರುವುದು ಎಂಟು ಕೋಟಿ ಲೀಟರಿನ ಕೆರೆಯನ್ನು.

ಈಗ ಇಡೀ ಜಿಲ್ಲೆಯ ಲೆಕ್ಕ ಹಾಕೋಣ. ಧಾರವಾಡ ಜಿಲ್ಲೆಯ ವಿಸ್ತೀರ್ಣ ಸುಮಾರು 4,260 ಚದರ ಕಿಲೋಮೀಟರ್, ಸರಾಸರಿ ಮಳೆ ವರ್ಷಕ್ಕೆ 770 ಮಿಲಿಮೀಟರ್ ಆಸುಪಾಸು. ಗುಣಿಸಿದರೆ ಸುಮಾರು 116 ಟಿಎಂಸಿ. ನವಿಲುತೀರ್ಥದ ಮಲಪ್ರಭಾ ಜಲಾಶಯ ತುಂಬಿ ನಿಂತಾಗ ಹಿಡಿಯುವುದು 37.73 ಟಿಎಂಸಿ. ಅಂಥ ಮೂರು ಜಲಾಶಯದಷ್ಟು ನೀರು ಪ್ರತಿ ವರ್ಷ ನಮ್ಮ ಹೊಲ, ಮಾಳಿಗೆ, ರಸ್ತೆಗಳ ಮೇಲೆಯೇ ಬೀಳುತ್ತಿದೆ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ನವಲಗುಂದದ ರೈತರು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದರು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಅದಕ್ಕೆಂದು ಕೊಟ್ಟದ್ದು 3.9 ಟಿಎಂಸಿ. ಆ ನೀರು ಅವರ ಹಕ್ಕು, ಬರಲೇಬೇಕು. ಆದರೆ ಮೇಲಿಂದ ಬೀಳುವ 116 ಅದರ ಸುಮಾರು ಮೂವತ್ತು ಪಟ್ಟು.

ಅದರಲ್ಲಿ ಬಹುಪಾಲು ಬೆಳೆ ಕುಡಿಯುತ್ತದೆ, ಬಿಸಿಲು ಹೀರುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಬೆಣ್ಣಿಹಳ್ಳದ ಪ್ರವಾಹವಾಗಿ ಬಂದು ಬೆಳೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಹೊಲಕ್ಕೊಂದು ಗಟ್ಟಿ ಒಡ್ಡು, ಒಂದು ಕೃಷಿಹೊಂಡ ಇದ್ದರೆ ಆ ಹಾಳು ನೀರಿನ ಒಂದು ಪಾಲಾದರೂ ಹಿಂಗಾರಿಗೆ ನಿಲ್ಲುತ್ತದೆ. ಹತ್ತು ಮಿಲಿಮೀಟರ್ ತಡೆದು ನಿಲ್ಲಿಸಿದರೂ ಎಕರೆಗೆ 40 ಸಾವಿರ ಲೀಟರ್ ಉಳಿಯಿತು. ಸರ್ಕಾರದ ಕಾಲುವೆ ಬರುವ ತನಕ ಕಾಯಬೇಕಿಲ್ಲದ ಕೆಲಸವಿದು. ಈ ಬೇಸಿಗೆಯಲ್ಲೇ ಶುರು ಮಾಡಬಹುದು.