ಕಪ್ಪತಗುಡ್ಡದ ಅಡಿಯ ಕಟ್ಟಿಗೆಯ ಹಳ್ಳಿಗಳು

ಮರಮುಟ್ಟಿನ ಊರುಗಳೆಂದರೆ ಕನ್ನಡನಾಡಿನಲ್ಲಿ ದಾಂಡೇಲಿ, ಹಳಿಯಾಳಗಳತ್ತ ದೃಷ್ಟಿ ಹರಿಯುವುದು ಸಹಜ. ಗದಗಿನ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಸುಮಾರು 63 ಕಿ.ಮೀ. ಚಾಚಿರುವ ಕಪ್ಪತಗುಡ್ಡದ ಅಡಿಯ ಡೋಣಿ, ಕಡಕೋಳ, ಅತ್ತಿಕಟ್ಟಿಯಂತಹ ಹಳ್ಳಿಗಳ ಚರಿತ್ರೆ ಆ ಬಗೆಯದಲ್ಲ. ಇಲ್ಲಿನದು ಒಣ ಕುರುಚಲು ಕಾಡು. ಇದು ದೊಡ್ಡ ದಿಮ್ಮಿಗಳ ಕಾಡಲ್ಲ. ಆದರೆ ಸುತ್ತಲಿನ ಎರೆಭೂಮಿಯಲ್ಲಿ ಮರವೇ ವಿರಳ. ಅಲ್ಲಿನ ಒಲೆಗಳು ಬಹುಮಟ್ಟಿಗೆ ಹತ್ತಿಕಟ್ಟಿಗೆ, ಕುಳ್ಳುಗಳನ್ನೇ ನಂಬಿದ್ದವು. ಮಾಳಿಗೆಮನೆಯ ಜಂತಿಗೆ, ಬಂಡಿಯ ಅಚ್ಚಿಗೆ, ಪಟ್ಟಣದ ಉರುವಲಿಗೆ ಮಾತ್ರ ಮರವೇ ಬೇಕು. ಆದ್ದರಿಂದಲೇ ಗುಡ್ಡದ ಒಂದು ಹೊರೆ ಕಟ್ಟಿಗೆಗೂ ಬಯಲಿನಲ್ಲಿ ಬೆಲೆಯಿತ್ತು.

ಈ ಹೊರೆಯ ಹಕ್ಕು ಯಾರದೆಂಬುದು ಆಡಳಿತಗಳೊಡನೆ ಬದಲಾಗುತ್ತ ಬಂದಿತು. ಗದಗ, ಡಂಬಳ, ಮುಂಡರಗಿ ಪ್ರದೇಶ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದಾಗಿತ್ತು. ಒಂದೇ ಗುಡ್ಡದ ಎರಡು ಮಗ್ಗುಲಿನ ಜನ ಎರಡು ಸರಕಾರಗಳಿಗೆ ಉತ್ತರ ಹೇಳಬೇಕಾಗಿದ್ದ ಈ ಸಂಗತಿ ಸ್ಥಳೀಯ ಚರಿತ್ರೆಗಳಲ್ಲಿ ಸಾಕಷ್ಟು ಗಮನ ಪಡೆದಿಲ್ಲ. 1878ರ ಅರಣ್ಯ ಕಾಯಿದೆಯು ಕಾಡನ್ನು ಕಾಯ್ದಿಟ್ಟ, ರಕ್ಷಿತ, ಗ್ರಾಮಾರಣ್ಯಗಳೆಂದು ವಿಂಗಡಿಸಿತು. ರೂಢಿಯ ಬಳಕೆ ಕಾಯ್ದಿಟ್ಟ ಅರಣ್ಯದಲ್ಲಿ ದಾಖಲಾದ ಹಕ್ಕಾಗದಿದ್ದರೆ ಅಪರಾಧವಾಗುತ್ತಿತ್ತು. ಸಾಂಗಲಿ 1948ರಲ್ಲಿ ವಿಲೀನಗೊಂಡಿತು. 1956ರಲ್ಲಿ ಇಡೀ ಗುಡ್ಡ ಮೈಸೂರು ರಾಜ್ಯಕ್ಕೆ ಬಂದಿತು.

ಇಷ್ಟರಲ್ಲಿ ಗುಡ್ಡದ ಬೆಲೆಯನ್ನು ಮರದಿಂದ ಅಳೆಯುವ ಕಾಲ ಹಿಂದಾಗತೊಡಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇಲ್ಲಿ ಚಿನ್ನದ ಗಣಿಗಳು ತೆರೆದು ಮುಚ್ಚಿದ್ದವು. ಮುಂದೆ ಗಾಳಿಯಂತ್ರಗಳು ಬಂದವು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಪೋಸ್ಕೋ ಉಕ್ಕಿನ ಯೋಜನೆ ರೈತರ ವಿರೋಧದಿಂದ ಕೈಬಿಟ್ಟುಹೋಯಿತು. 2015ರ ಡಿಸೆಂಬರಿನಲ್ಲಿ ಘೋಷಿಸಲಾದ ಸಂರಕ್ಷಿತ ಮೀಸಲು ಪ್ರದೇಶವನ್ನು ಸರಕಾರವು 2016ರಲ್ಲಿ ಹಿಂತೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂಚೂಣಿಯಲ್ಲಿದ್ದ ಹೋರಾಟದ ಫಲವಾಗಿ 2017ರಲ್ಲಿ ಆ ಘೋಷಣೆ ಮರಳಿ ಊರ್ಜಿತವಾಯಿತು. 2019ರಲ್ಲಿ 244.15 ಚ.ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು.

ಗಣಿಯಿಂದ ಗುಡ್ಡ ಉಳಿದುದು ದೊಡ್ಡ ಗೆಲುವು. ಆದರೆ ಕಟ್ಟಿಗೆಯ ಪ್ರಶ್ನೆ ಅದರಿಂದ ಮುಗಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಧಾಮದಿಂದ ಅನುಮತಿಯ ಮೇರೆಗೆ ತೆಗೆದ ಅರಣ್ಯೋತ್ಪನ್ನವನ್ನು ಒಳಗಿನ ಹಾಗೂ ಅಂಚಿನ ಜನರ ಸ್ವಂತ ಬಳಕೆಗೆ ಒದಗಿಸಬಹುದು, ಮಾರಾಟಕ್ಕಲ್ಲ. ಒಲೆಯ ಕಟ್ಟಿಗೆ, ಸಂತೆಯ ಕಟ್ಟಿಗೆ ಎಂಬ ಈ ಭೇದವನ್ನು ಹೊರೆ ಹೊತ್ತು ಬದುಕಿದ ಮನೆಗಳು ಹಿಂದೆ ಎಣಿಸಿದ್ದಿಲ್ಲ; ಒಂದೇ ಹೊರೆಯಲ್ಲಿ ಅರ್ಧ ಒಲೆಗೆ, ಅರ್ಧ ಜೋಳಕ್ಕೆ ಹೋಗುತ್ತಿತ್ತು.