ವೃದ್ಧ ತಂದೆತಾಯಿಗಳಿಗೆ ಸರಳವಾದ ಗಣಕಯಂತ್ರದ ಏರ್ಪಾಡು

ಮುಳಬಾಗಿಲು ತಾಲ್ಲೂಕಿನ ಆವನಿಯಂಥ ಗ್ರಾಮಗಳಲ್ಲಿ ಮಕ್ಕಳು ಉದ್ಯೋಗಾರ್ಥವಾಗಿ ಬೆಂಗಳೂರು ಸೇರಿದರೆ, ಜಮೀನಿನ ವ್ಯವಹಾರವು ವೃದ್ಧ ತಂದೆತಾಯಿಗಳ ಪಾಲಿಗೆ ಉಳಿಯುವುದು. ಪಹಣಿ, ಟೊಮೇಟೊ ಧಾರಣೆ, ಬ್ಯಾಂಕಿನ ಲೆಕ್ಕ ಇವೆಲ್ಲವನ್ನೂ ಈಗ ಗಣಕಯಂತ್ರದಲ್ಲಿಯೇ ನೋಡಬಹುದು. ಆದರೆ ಮಕ್ಕಳು ಬಿಟ್ಟುಹೋದ ಹಳೆಯ ಯಂತ್ರವನ್ನು ತೆರೆದೊಡನೆ ಜಾಹೀರಾತುಗಳೂ ಬೇಡದ ಸೂಚನೆಗಳೂ ಪರದೆಯನ್ನು ಮುಸುಕುವುವು. ಹಿರಿಯರು ಮೋಸದ ಸೂಚನೆಯೊಂದನ್ನು ನಂಬಿ ಒತ್ತಿದರೆ ಒಂದು ಬೆಳೆಯ ಹಣವೇ ಹೋದೀತು. ಆದುದರಿಂದ ಹೊಲದ ಕಳೆಯಂತೆ ಯಂತ್ರದ ಕಳೆಯನ್ನೂ ಕೀಳತಕ್ಕದ್ದು.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿದಿರುತ್ತದೆ. ಅಂಥ ಯಂತ್ರವನ್ನು ಎಸೆಯಬೇಕಾದುದಿಲ್ಲ. 2006ರಲ್ಲಿ ಮೊದಲು ಹೊರಬಂದ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯು ಉಚಿತವಾಗಿ ದೊರೆಯುವುದು. ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆಗೆ 2 ಜಿಬಿ ಸ್ಮರಣೆ ಇದ್ದರೂ ನಡೆಯುವುದು. 4 ಜಿಬಿ ಇದ್ದರೆ ಲೇಸು.

ಮೊದಲು ಯಂತ್ರದಲ್ಲಿರುವ ಕಾಗದಪತ್ರಗಳನ್ನೂ ಚಿತ್ರಗಳನ್ನೂ ಬೇರೆಡೆ ನಕಲು ಮಾಡಿಕೊಳ್ಳಬೇಕು. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಹಳೆಯದೆಲ್ಲ ಅಳಿಸಿಹೋಗುವ ಸಂಭವವುಂಟು. ಬಳಿಕ ಪೆನ್‌ಡ್ರೈವಿನಿಂದಲೇ ನಡೆಯಿಸಿ, ಧ್ವನಿ, ಅಂತರ್ಜಾಲ, ಮುದ್ರಣಯಂತ್ರ ಇವು ಸರಿಯಾಗಿವೆಯೇ ಎಂದು ಪರೀಕ್ಷಿಸಿದ ಮೇಲೆ ಸ್ಥಾಪಿಸುವುದು ಯುಕ್ತ.

ಹಿರಿಯರಿಗೆ ಸಾಮಾನ್ಯ ಬಳಕೆಯ ಖಾತೆಯನ್ನು ಮಾತ್ರ ತೆರೆದು, ವ್ಯವಸ್ಥೆಯನ್ನು ಬದಲಿಸುವ ಪಾಸ್‌ವರ್ಡನ್ನು ಮಕ್ಕಳು ಇಟ್ಟುಕೊಳ್ಳಬೇಕು. ಹೀಗೆ ಮಾಡಿದರೆ ತಿಳಿಯದೆ ಒತ್ತಿದ ಮಾತ್ರಕ್ಕೆ ಹೊಸ ತಂತ್ರಾಂಶವು ವ್ಯವಸ್ಥೆಯೊಳಗೆ ಸೇರಲಾರದು. ಪರದೆಯಲ್ಲಿ ಪಹಣಿ, ಧಾರಣೆ, ಬ್ಯಾಂಕು, ಮಕ್ಕಳೊಡನೆ ಮಾತುಕತೆ ಎಂಬ ನಾಲ್ಕೇ ಗುರುತುಗಳಿದ್ದು, ಕನ್ನಡ ಅಕ್ಷರಗಳು ದೊಡ್ಡದಾಗಿರಲಿ. ಜಾಹೀರಾತು ತಡೆಯುವ ಸಾಧನವನ್ನು ಹಾಕಿ, ಜಾಲತಾಣಗಳ ಸೂಚನೆಗಳನ್ನು ಮುಚ್ಚಿಬಿಡಬೇಕು. ರಕ್ಷಣೆಯ ತಿದ್ದುಪಡಿಗಳು ತಾವಾಗಿಯೇ ಬರುವಂತೆ ಏರ್ಪಡಿಸಬೇಕು.

ಮಕ್ಕಳು ಪಕ್ಕದಲ್ಲಿ ಕುಳಿತು, ತಂದೆತಾಯಿಗಳೇ ತಮ್ಮ ಕೈಯಿಂದ ಪಹಣಿಯನ್ನು ತೆಗೆಯುವವರೆಗೂ ತಾಳ್ಮೆಯಿಂದ ಕಲಿಸಿ, ಕ್ರಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಹಿರಿಯರದೇ ಆಗಿರತಕ್ಕದ್ದು. ಅದನ್ನು ಗೋಡೆಯ ಮೇಲೆ ಬರೆಯಲಾಗದು, ಯಾರು ಕೇಳಿದರೂ ಹೇಳಲಾಗದು. ಯಾವ ವ್ಯವಸ್ಥೆಯೂ ಮಾತಿನ ಮೋಸವನ್ನು ತಡೆಯಲಾರದು. ಹಣ ಹೋಯಿತೆಂದು ತಿಳಿದೊಡನೆ 1930ಕ್ಕೆ ದೂರವಾಣಿ ಮಾಡಬೇಕು. ಗ್ರಾಮದ ಮುಖ್ಯಸ್ಥರು ತಮ್ಮ ಮನೆಯಲ್ಲಿ ಈ ಏರ್ಪಾಡನ್ನು ಮೊದಲು ಮಾಡಿ ತೋರಿಸಿದರೆ ನೆರೆಹೊರೆಯವರಿಗೂ ಧೈರ್ಯ ಬರುವುದು.